ಕಲ್ಲಿನ ಮೇಲಿನ ಗೆರೆಗಳು

"ಅಮ್ಮ, ಹದಿನಾಲ್ಕು ವರ್ಷ ನನ್ನನ್ನು ನಾನು ತಿದ್ದಿಕೊಂಡೆ. ಆದರೂ ಇಲ್ಲಿ ಒಬ್ಬರೊಂದಿಗೂ ನನಗೆ ಹೊಂದಿಕೆಯಾಗಲಿಲ್ಲ. ಈ ದಾರಿಗೆ ನಾನು ತಕ್ಕವಳಲ್ಲವೇ?"

ಹೀಗೆ ಕೇಳಿದವಳು ಮಂದಾಕಿನಿ. ಆಶ್ರಮಕ್ಕೆ ಬಂದ ಮೊದಲ ದಿನ ಅಲ್ಲಿನ ಗುರುವಾದ ಅಮ್ಮ ಅವಳಿಗೆ ಉಪದೇಶವಾಗಿ ಒಂದು ಮಾತು ಕೊಟ್ಟಿದ್ದರು: ತಪ್ಪನ್ನು ಕಂಡಲ್ಲೇ ತಿದ್ದು. ಅಂದಿನಿಂದ ಅವಳು ಒಂದು ದಿನವೂ ಆ ಮಾತನ್ನು ಬಿಟ್ಟಿರಲಿಲ್ಲ. ಮೊದಲು ತನ್ನ ತಪ್ಪುಗಳನ್ನು ತಿದ್ದಿಕೊಂಡಳು. ಆಮೇಲೆ ಉಳಿದವರದನ್ನೂ ತಿದ್ದತೊಡಗಿದಳು. ಈಗ ಅವಳು ಅಡುಗೆಮನೆಗೆ ಕಾಲಿಟ್ಟರೆ ಅಲ್ಲಿದ್ದವರ ಮಾತು ನಿಂತುಹೋಗುತ್ತಿತ್ತು. ಊಟದ ಸಾಲಿನಲ್ಲಿ ಅವಳ ಪಕ್ಕದ ಮಣೆ ಖಾಲಿ ಉಳಿಯುತ್ತಿತ್ತು. ಆ ದಿನ ಅವಳು ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದಳು. ಆಶ್ರಮ ಬಿಟ್ಟು ಹೊರಡಲು ಅಪ್ಪಣೆಯೊಂದು ಬಾಕಿಯಿತ್ತು.

ಅಮ್ಮ ಅಪ್ಪಣೆ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿಯಿದ್ದ. ವಿದ್ಯೆ ಮುಗಿದ ದಿನ ಅವನ ಗುರು ಅವನಿಗೆ ಜಪಾನ್ ದೇಶದ ಒಂದು ಸಾಣೆಕಲ್ಲು ಕೊಟ್ಟ. ಅದು ಎಣ್ಣೆ ಬೇಡದ ಕಲ್ಲು. ನೀರಿನಲ್ಲಿ ನೆನೆಸಿ ಮಸೆಯಬೇಕು. ಬಡಗಿ ಪ್ರತಿದಿನ ಕೆಲಸಕ್ಕೆ ಮೊದಲು ಕಲ್ಲನ್ನು ನೆನೆಸುತ್ತಿದ್ದ, ಉಳಿಗಳನ್ನು ಮಸೆಯುತ್ತಿದ್ದ, ಮರ ನಯಗೊಳಿಸುವ ಹತ್ತರಿಯ ಅಲಗನ್ನು ಮಸೆಯುತ್ತಿದ್ದ. ಮಸೆದಾಗ ಕಲ್ಲಿನ ಮೇಲೆ ಕಪ್ಪು ಕೆಸರು ಏಳುತ್ತಿತ್ತು. ಅದೆಲ್ಲ ಅಲಗಿನಿಂದ ಬಿಟ್ಟ ಕಬ್ಬಿಣವೆಂದು ಅವನು ತಿಳಿದಿದ್ದ. ಕೆಲಸ ಮುಗಿದ ಮೇಲೆ ಕಲ್ಲನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದ. ಅವನ ಅಲಗಿನಷ್ಟು ಹರಿತವಾದ ಅಲಗು ಆ ಊರಿನಲ್ಲಿ ಇರಲಿಲ್ಲ.

ವರ್ಷಗಳು ಕಳೆದವು. ಒಂದು ಶಾಲೆಯವರು ಮಕ್ಕಳ ಊಟಕ್ಕೆ ಉದ್ದನೆಯ ಮೇಜು ಬೇಕೆಂದರು. ಬಡಗಿ ನಾಲ್ಕು ಹಲಗೆಗಳ ಅಂಚುಗಳನ್ನು ಹತ್ತರಿಯಿಂದ ನಯಗೊಳಿಸಿ, ಅಂಟು ಹಾಕಿ ಕೂಡಿಸಿದ. ಮೇಲೆ ನೋಡಿದರೆ ಜೋಡಣೆಯ ಗೆರೆಯೇ ಕಾಣಲಿಲ್ಲ. ಎರಡು ವಾರದಲ್ಲಿ ಹಲಗೆಗಳು ಬಾಯಿಬಿಟ್ಟವು. ಅವನು ಮರವನ್ನು ಬೈದು ಬೇರೆ ಮರ ತಂದ. ಅದೂ ಬಾಯಿಬಿಟ್ಟಿತು. ಅಂಟನ್ನು ಬೈದು ಬೇರೆ ಅಂಟು ತಂದ. ಅದರಿಂದಲೂ ಪ್ರಯೋಜನವಾಗಲಿಲ್ಲ. ಅಲಗನ್ನು ಇನ್ನೂ ಹೆಚ್ಚು ಹೊತ್ತು ಮಸೆದ. ಬಿರುಕು ಇನ್ನೂ ಬೇಗ ಬಂತು. ಶಾಲೆಯವರು ಇನ್ನೊಂದು ತಿಂಗಳು ಕಾಯುತ್ತೇವೆ, ಆಮೇಲೆ ಬೇರೆಯವರನ್ನು ಕರೆಯುತ್ತೇವೆ ಎಂದರು.

ತನ್ನ ಕೈಯೇ ಕೆಟ್ಟಿದೆ ಎಂದು ಬಡಗಿ ತೀರ್ಮಾನಿಸಿದ. ಸಲಕರಣೆಗಳನ್ನು ಮಾರಿ ಈ ಕಸುಬನ್ನೇ ಬಿಡಲು ಹೊರಟ.

ಕೊಳ್ಳುವುದಕ್ಕೆ ಬಂದವರಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಅವನು ಅಲಗುಗಳ ಕಡೆ ಕಣ್ಣೆತ್ತಿ ನೋಡಲಿಲ್ಲ. ಸಾಣೆಕಲ್ಲನ್ನು ಕೈಗೆ ತೆಗೆದುಕೊಂಡ. ಅದರ ಮೇಲೆ ಒಂದು ಉಕ್ಕಿನ ಪಟ್ಟಿಯನ್ನು ಅಡ್ಡ ನಿಲ್ಲಿಸಿ ಬೆಳಕಿಗೆ ಹಿಡಿದ. ಪಟ್ಟಿಯ ಎರಡು ತುದಿಗಳು ಕಲ್ಲನ್ನು ಮುಟ್ಟಿದ್ದವು. ನಡುವೆ ಬೆಳಕು ತೂರಿ ಬಂತು.

"ಇದನ್ನು ಸಮ ಮಾಡಿ ಎಷ್ಟು ವರ್ಷವಾಯಿತು ಮಾರಾಯ? ಇದರಲ್ಲಿ ಪಾಯಸ ಬಡಿಸಬಹುದು."

"ಅದು ನನ್ನ ಗುರು ಕೊಟ್ಟದ್ದು. ಅದನ್ನು ಉಜ್ಜುವುದಕ್ಕೆ ನಾನು ಯಾರು?"

"ದಿನಾ ಉಜ್ಜುತ್ತಲೇ ಇದ್ದೀಯಲ್ಲ, ನಡುವೆ ಮಾತ್ರ."

ಆ ಕಪ್ಪು ಕೆಸರಿನಲ್ಲಿ ಕಬ್ಬಿಣಕ್ಕಿಂತ ಕಲ್ಲೇ ಹೆಚ್ಚೆಂದು ಕಲ್ಲುಕುಟಿಗ ತಿಳಿಸಿದ. ಈ ಜಾತಿಯ ಕಲ್ಲು ಮೃದು; ತಾನು ಸವೆಯುತ್ತಲೇ ಅಲಗನ್ನು ಹರಿತ ಮಾಡುತ್ತದೆ. ಸವೆಯುವುದು ಅದರ ದೋಷವಲ್ಲ, ಗುಣ. ಆದರೆ ತಗ್ಗು ಬಿದ್ದ ಕಲ್ಲಿನ ಮೇಲೆ ಮಸೆದ ಅಲಗಿನ ಬಾಯಿ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಅಲಗು ಹಲಗೆಯ ಅಂಚನ್ನು ಒಳಗೊಳಗೇ ತೋಡುತ್ತದೆ. ಅಂಥ ಎರಡು ಅಂಚುಗಳು ಹೊರಗೆ ಮಾತ್ರ ಕೂಡುತ್ತವೆ, ಒಳಗೆ ಕೂಡುವುದಿಲ್ಲ.

ಅವನು ಪೆನ್ಸಿಲಿನಿಂದ ಕಲ್ಲಿನ ಮೈತುಂಬ ಗೆರೆ ಎಳೆದ. ದಪ್ಪ ಗಾಜಿನ ಮೇಲೆ ಮರಳುಕಾಗದ ಹಾಸಿ, ನೀರು ಚಿಮುಕಿಸಿ, ಗೆರೆಗಳೆಲ್ಲ ಹೋಗುವ ತನಕ ಕಲ್ಲನ್ನು ಅದರ ಮೇಲೆ ಉಜ್ಜಲು ಹೇಳಿದ. ಬಡಗಿ ಉಜ್ಜಿದ. ಅಂಚಿನ ಗೆರೆಗಳು ಮೊದಲು ಹೋದವು. ನಡುವಿನವು ಹಾಗೆಯೇ ಉಳಿದವು. ಗುರುವಿನ ಕಲ್ಲು ಕೆಸರಾಗಿ ಹರಿಯುವುದನ್ನು ಕಂಡು ಅವನ ಕೈ ಎರಡು ಸಲ ನಿಂತಿತು. ಎರಡು ಸಲವೂ ಅವನು ಉಳಿದ ಗೆರೆಗಳನ್ನು ನೋಡಿ ಮತ್ತೆ ಉಜ್ಜಿದ. ಕೊನೆಯ ಗೆರೆ ಅಳಿದಾಗ ಪಟ್ಟಿಯ ಕೆಳಗೆ ಬೆಳಕು ಕಾಣಲಿಲ್ಲ. ಕಲ್ಲು ಸ್ವಲ್ಪ ತೆಳ್ಳಗಾಗಿತ್ತು, ಅಷ್ಟೇ.

ಆ ಕಲ್ಲಿನ ಮೇಲೆಯೇ ಅವನು ಅಲಗನ್ನು ನೆಟ್ಟಗೆ ಮಾಡಿದ. ಹಲಗೆಗಳನ್ನು ಮತ್ತೆ ಕೂಡಿಸಿದ. ಎರಡು ವಾರ ಕಳೆಯಿತು, ಒಂದು ಮಳೆಗಾಲ ಕಳೆಯಿತು. ಆ ಮೇಜಿನ ಮೇಲೆ ಉಂಡ ಮಕ್ಕಳ ಮಕ್ಕಳು ಈಗ ಅದೇ ಮೇಜಿನ ಮೇಲೆ ಉಣ್ಣುತ್ತಿದ್ದಾರೆ. ಬಡಗಿ ಬದುಕಿರುವ ತನಕ ತಿಂಗಳಿಗೊಮ್ಮೆ ಕಲ್ಲಿನ ಮೇಲೆ ಗೆರೆ ಎಳೆಯುತ್ತಿದ್ದನಂತೆ.

ಕತೆ ಮುಗಿಯಿತು. ಮಂದಾಕಿನಿ, ತನ್ನ ಹತ್ತಿರ ಅಂಥ ಕಲ್ಲು ಯಾವುದೂ ಇಲ್ಲವೆಂದೂ, ಹದಿನಾಲ್ಕು ವರ್ಷ ತನ್ನನ್ನು ತಾನು ಮಸೆದದ್ದು ಅಮ್ಮ ಕೊಟ್ಟ ಆ ಒಂದು ಮಾತಿನ ಮೇಲೆಯೇ ಎಂದೂ ಮೆಲ್ಲಗೆ ಹೇಳಿದಳು.

ಅಮ್ಮ ಕೈಚಾಚಿ ಅವಳ ಕಂಕುಳಿನ ಗಂಟನ್ನು ತೆಗೆದು ಕೆಳಗಿಟ್ಟರು.

"ಹೋಗಿ ಪೆನ್ಸಿಲ್ ತಾ, ಮಂದಾಕಿನಿ, ಮೊದಲ ಗೆರೆಯನ್ನು ನನ್ನ ಮೇಲೆ ಎಳೆ."