ಹಪ್ಪಳಕ್ಕೆ ಬಂದ ಕೈಗಳು

ಹೆಂಗಸರ ಸಂಘದ ಅಧ್ಯಕ್ಷೆ ಸರ್ವಮಂಗಳಮ್ಮನ ಬಾಯಿಗೆ ಹೆದರಿ ಸ್ವಂತ ಸೊಸೆಯೇ ತವರು ಸೇರಿದ್ದಳು. ಇನ್ನು ಸಂಘದ ಹಪ್ಪಳ ಲಟ್ಟಿಸಲು ಯಾರು ಬಂದಾರು?

"ಎಲ್ಲರನ್ನೂ ಎಳೆದು ತಾ, ಇಲ್ಲದಿದ್ದರೆ ನಿನ್ನ ಕೆಲಸ ಹೋಯ್ತು" ಎಂದಳು ಅಧ್ಯಕ್ಷೆ, ಸಂಘದಲ್ಲಿ ಹಿಟ್ಟು ಕುಟ್ಟುವ ಪುಟ್ಟತಾಯಿಗೆ.

ಹಿಂದುಮುಂದಿಲ್ಲದ ಒಂಟಿ ಹೆಂಗಸು ಪುಟ್ಟತಾಯಿ. ಮನೆಮನೆಗೆ ಹೋದಳು, ಹಪ್ಪಳದ ಮಾತೇ ಎತ್ತಲಿಲ್ಲ. "ನಾಲ್ಕು ದಿನದಿಂದ ಯಾರ ಹತ್ರಾನೂ ಮಾತಾಡಿಲ್ಲ ಕಣ್ರವ್ವಾ. ಒಂದು ಗಳಿಗೆ ಬಂದು ಜೊತೇಲಿ ಕೂತ್ಕೊಳ್ಳಿ" ಅಂದಳು.

ಹನ್ನೊಂದು ಜನ ಬಂದರು. ಅಷ್ಟು ಹಿಟ್ಟಿನ ಮುಂದೆ ಅವಳೊಬ್ಬಳೇ ಇರುವುದನ್ನು ಕಂಡು ತಾವೇ ಲಟ್ಟಣಿಗೆ ಹಿಡಿದರು. ಸಂಜೆಗೆ ಚಾಪೆ ತುಂಬ ಹಪ್ಪಳ.

ಅಧ್ಯಕ್ಷೆಗೆ ಹೊಟ್ಟೆಯುರಿ. "ಏನು ಸುಳ್ಳು ಹೇಳಿ ಕರೆದೆ?"

"ಸುಳ್ಳಲ್ಲ ಅಮ್ಮಾ."

ಆಗ ಒದ್ದೆಬಟ್ಟೆಯಡಿ ಬಚ್ಚಿಟ್ಟ ಹಿಟ್ಟಿನ ಮುದ್ದೆ ಅಧ್ಯಕ್ಷೆಯ ಕಣ್ಣಿಗೆ ಬಿತ್ತು. "ಇದ್ಯಾಕೆ ಉಳಿಸಿದೆ?"

ಪುಟ್ಟತಾಯಿ ತಲೆ ತಗ್ಗಿಸಿದಳು. "ಅವರೆಲ್ಲ ನಾಳೆಯೂ ಬರಲಿ ಅಂತ."