ಜವಳಿ ವ್ಯಾಪಾರಿಯ ಕಾವಿ ಪಂಚೆ

‘ತಾಯಿ, ಒಂದೇ ಕಾಯಿಲೆ, ಒಂದೇ ಆಸ್ಪತ್ರೆ, ಕತ್ತರಿ ಹಿಡಿದ ಕೈಯೂ ಒಂದೇ. ಆದರೂ ಒಬ್ಬ ಬದುಕುತ್ತಾನೆ, ಇನ್ನೊಬ್ಬ ಉಳಿಯುವುದಿಲ್ಲ. ಇದು ಹಣೆಬರಹವೇ?’ ಎಂದು ಶಿಷ್ಯ ಕೇಳಿದ.

‘ಯಾವ ಕಾಯಿಲೆ?’ ಎಂದರು ಗುರುಮಾತೆ.

‘ಗುದನಾಳದ ಕ್ಯಾನ್ಸರ್. ಎಲ್ಲೋ ಓದಿದೆ.’

ಆ ಆಶ್ರಮದಲ್ಲಿ ಹೊಸಬರು ಮೂರು ವರ್ಷ ಬಿಳಿ ಉಡಬೇಕು. ಇವನು ಅವಧಿಗೆ ಮೊದಲೇ ಕಾವಿ ಬೇಡಿ ಪಡೆದಿದ್ದ. ಉಳಿದವರು ಚಾಪೆಯ ಮೇಲೆ ಕುಳಿತಿದ್ದರು. ಇವನು ನಿಂತಿದ್ದ.

ಗುರುಮಾತೆ ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ. ಅವನ ಅಂಗಡಿಗೆ ಸರಕು ತರುವ ಒಬ್ಬ ಲಾರಿ ಚಾಲಕ. ಒಂದೇ ವರ್ಷ ಇಬ್ಬರಿಗೂ ಮಲದ ಜೊತೆ ರಕ್ತ ಹೋಗತೊಡಗಿತು. ಇಬ್ಬರೂ ಮೂಲವ್ಯಾಧಿ ಎಂದುಕೊಂಡರು.

ಚಾಲಕನ ಬಾಯಿ ನಿಲ್ಲುತ್ತಿರಲಿಲ್ಲ. ದಾರಿಯ ಪ್ರತಿ ಹೋಟೆಲಿನಲ್ಲೂ ಚಹಾ ಕುಡಿಯುತ್ತ ತನ್ನ ರಕ್ತದ ವರದಿ ಒಪ್ಪಿಸುತ್ತಿದ್ದ. ಕೊನೆಗೆ ಒಂದು ಹೋಟೆಲಿನ ಒಡತಿಗೆ ರೇಗಿತು.

‘ಲೋ, ತಿನ್ನೋ ಜಾಗದಲ್ಲಿ ಇದೇನೋ ನಿನ್ನ ಪುರಾಣ? ಮೊದಲು ಹೋಗಿ ಡಾಕ್ಟರಿಗೆ ತೋರಿಸು. ಅಲ್ಲೀವರೆಗೆ ನಿನಗೆ ಇಲ್ಲಿ ಇಡ್ಲಿ ಇಲ್ಲ.’

ಅವನಿಗೆ ಇಡ್ಲಿ ಬೇಕಿತ್ತು. ನಗರದ ಆಸ್ಪತ್ರೆಗೆ ಹೋದ. ವೈದ್ಯೆ ಬೆರಳು ಹಾಕಿ ನೋಡಿದಳು. ಗಂಟು ಸಿಕ್ಕಿತು. ಅದಿನ್ನೂ ಕರುಳಿನ ಗೋಡೆ ದಾಟಿರಲಿಲ್ಲ. ಅವಳೇ ಕತ್ತರಿಸಿ ತೆಗೆದಳು. ಮಲ ಹೋಗಲು ಹೊಟ್ಟೆಗೊಂದು ಚೀಲ ಕಟ್ಟಿದರು. ಬಾ ಎಂದಾಗಲೆಲ್ಲ ಅವನು ತಪ್ಪದೆ ತಪಾಸಣೆಗೆ ಹೋದ. ಹನ್ನೆರಡು ವರ್ಷವಾಯಿತು. ಈಗಲೂ ಲಾರಿ ಓಡಿಸುತ್ತಾನೆ. ಈಗ ಹೋಟೆಲುಗಳಲ್ಲಿ ಚೀಲದ ಪುರಾಣ.

ವ್ಯಾಪಾರಿ ಮರ್ಯಾದಸ್ಥ. ಯಾರಿಗೂ ಹೇಳಲಿಲ್ಲ. ಬಿಳಿ ಪಂಚೆಯಲ್ಲಿ ಕಲೆ ಕಾಣುತ್ತದೆಂದು ತನ್ನದೇ ಅಂಗಡಿಯ ಗಾಢ ಕಾವಿ ಪಂಚೆ ಉಟ್ಟ. ಗಿರಾಕಿಗಳು ಅದನ್ನು ಭಕ್ತಿ ಎಂದುಕೊಂಡರು. ಊಟ ಸೇರದೆ ಸೊರಗಿದ, ಉಪವಾಸ ಎಂದುಕೊಂಡರು. ಕೆಲವರು ಕಾಲಿಗೂ ಬಿದ್ದರು. ಮೊದಲು ಅವನ ಬಾಯಿ ಕಟ್ಟಿದ್ದು ನಾಚಿಕೆ. ಈಗ ಗೌರವವೂ ಬಂದು ಕೂತಿತು. ಕಾಲಿಗೆ ಬಿದ್ದವರ ಮುಂದೆ ಅಂಥ ಜಾಗದ ಮಾತು ಎತ್ತುವುದು ಹೇಗೆ?

ಒಂದು ದಿನ ಪಂಚೆ ನೆನೆಹಾಕಿದ ಹೆಂಡತಿ ಕರೆದಳು. ‘ಏನ್ರೀ, ನಮ್ಮ ಬಟ್ಟೆ ಬಣ್ಣ ಬಿಡಲ್ಲ ಅಂತ ಊರಿಗೆಲ್ಲ ಹೇಳ್ತೀರಲ್ಲ, ಸ್ವಲ್ಪ ಈ ಬಕೆಟ್ ನೋಡಿ.’

‘ಹೊಸ ಬಟ್ಟೆ. ಮೊದಲ ಒಗೆತಕ್ಕೆ ಹಾಗೇ’ ಎಂದ ವ್ಯಾಪಾರಿ.

ಅದು ಹತ್ತನೆಯ ಒಗೆತ.

ಅಂಗಡಿಯ ಗದ್ದುಗೆಯಿಂದ ಏಳಲಾಗದ ದಿನ ಅವನನ್ನು ಅದೇ ಆಸ್ಪತ್ರೆಗೆ ಒಯ್ದರು. ಅಷ್ಟರಲ್ಲಿ ಕಾಯಿಲೆ ಲಿವರಿಗೆ ಹಬ್ಬಿತ್ತು. ಅದೇ ವೈದ್ಯೆಯ ಕೈ ಕತ್ತರಿ ಹಿಡಿಯಿತು. ಎಂಟು ತಿಂಗಳು ಉಳಿದ. ಅವನ ಸಮಾಧಿಗೆ ಜನ ಇಂದಿಗೂ ಹೂವು ಹಾಕುತ್ತಾರೆ.

ಗುರುಮಾತೆ ಕತೆ ನಿಲ್ಲಿಸಿದರು.

‘ಆ ಚಾಲಕನಿಗೆ ನಾಚಿಕೆಯಾಗಲಿಲ್ಲವೇ, ತಾಯಿ?’ ಶಿಷ್ಯನ ದನಿ ತಗ್ಗಿತ್ತು.

ಗುರುಮಾತೆ ಅವನ ಪಂಚೆಯನ್ನು ನೋಡಿದರು.

‘ಬೆಳಿಗ್ಗೆ ಆ ವೈದ್ಯೆಯ ಹತ್ತಿರ ಇಬ್ಬರೂ ಹೋಗೋಣ ಮಗು, ಬಿಳಿ ಪಂಚೆ ಉಟ್ಟುಕೊಂಡು ಬಾ.’