ಟ್ರಬಲ್ ಕೊಡದ ಅಳಿಯ

ನಗು ಬಂದರೆ ನಕ್ಕುಬಿಡಿ, ನಮ್ಮ ಓಬಳ ಬೇಜಾರು ಮಾಡಿಕೊಳ್ಳುವವನಲ್ಲ. ಈರಕ್ಕನಿಗೆ ಅವನೊಬ್ಬನೇ ಮಗ. ಮನಸ್ಸು ಹಾಲಿನಂಥದ್ದು, ಬುದ್ಧಿ ಮಾತ್ರ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಅವನ ಹೆಂಡತಿ ಮಾರಕ್ಕ ಆಷಾಢಕ್ಕೆ ತವರಿಗೆ ಹೋದವಳು ಶ್ರಾವಣ ಕಳೆದರೂ ಬರಲಿಲ್ಲ. ಅವಳಪ್ಪ ಗುರಪ್ಪನಿಗೆ ಎಲ್ಲದರ ಮೇಲೂ ಅನುಮಾನ. ತನ್ನ ನೆರಳು ಹಿಂದೆ ಬಂದರೂ ಯಾಕೆ ಬಂದೆ ಅಂತ ಕೇಳುವ ಪೈಕಿ. ಅಂಥವನು ಪೆದ್ದನ ಜೊತೆ ಮಗಳನ್ನು ಸುಮ್ಮನೆ ಕಳಿಸಿಯಾನೆ?

"ಹೋಗಿ ಕರ್ಕಂಡ್ ಬಾ ಮಗಾ. ಅಲ್ಲಿ ಯಾರಿಗೂ ಟ್ರಬಲ್ ಕೊಡಬ್ಯಾಡ," ಅಂದಳು ಈರಕ್ಕ.

ಟ್ರಬಲ್ ಅಂದರೇನು? ದಾರಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಸಿಕ್ಕರು, ಕೇಳಿದ. ಅವರೋ, ಬೇರು ಅಗೆಯದೆ ಎಲೆ ಮುಟ್ಟದವರು. ಈಗ ಅದಕ್ಕೆ ಕಷ್ಟ, ತೊಂದರೆ ಅನ್ನೋ ಅರ್ಥ ಕಣಯ್ಯ, ಹಿಂದೆ ತಿಳಿನೀರು ಕದಡುವುದಕ್ಕೆ ಹಾಗನ್ನುತ್ತಿದ್ದರು, ಆಮೇಲೆ ಮನಸ್ಸು ಕದಡುವುದಕ್ಕೂ ಅದೇ ಮಾತಾಯಿತು ಅಂದರು. ಓಬಳ ಕದಡುವುದು ಅನ್ನುವಷ್ಟನ್ನು ಗಂಟು ಕಟ್ಟಿಕೊಂಡ, ಕದಡಿದ್ದನ್ನು ಮುಟ್ಟಲೇಬಾರದು ಅಂತ.

ಮಾವನ ಮನೆ ಸೇರಿದ ಕೂಡಲೇ ಅತ್ತೆ ಮಜ್ಜಿಗೆ ತಂದರು. ಕಡೆದದ್ದಾ ಅಂತ ಕೇಳಿದ. ಹೌದು ಅಂದರು. ಬೇಡ ಅಂದ. ಟೀ ತಂದರು. ಸಕ್ಕರೆ ಕದಡಿದ್ದೀರಾ ಅಂತ ಕೇಳಿದ. ಹೌದು ಅಂದರು. ಬೇಡ ಅಂದ. ಮುದ್ದೆ ತಂದರು. ತಿರುವಿದ್ದಾ ಅಂತ ಕೇಳಿದ, ಅದೂ ಬೇಡ ಅಂದ. ಗುರಪ್ಪನ ಹುಬ್ಬು ಗಂಟಾಯಿತು. ನಾವು ವಿಷ ಹಾಕಿದ್ದೇವೆ ಅಂತ ಇವನ ಅನುಮಾನವೋ, ಇಲ್ಲಾ ಕಂಡವರ ಮನೆಯಲ್ಲಿ ತಾನೇ ಹಾಕಿ ಅಭ್ಯಾಸವೋ? ಮಗಳನ್ನು ಕಳಿಸಲಿಲ್ಲ.

ಈರಕ್ಕ ಹಣೆ ಚಚ್ಚಿಕೊಂಡಳು. ನೀರಿನ ಮಾತಲ್ಲವೋ ಪೆದ್ದಾ, ಯಾರಿಗೂ ಭಾರ ಆಗಬೇಡ ಅಂತ ಅದರರ್ಥ ಎಂದು ಬೈದು ಮತ್ತೆ ಕಳಿಸಿದಳು.

ಭಾರ ಆಗಬಾರದಲ್ಲ? ಓಬಳ ಮಂಚದ ಮೇಲೆ ಕೂರಲಿಲ್ಲ, ಚಾಪೆಯ ಮೇಲೂ ಕೂರಲಿಲ್ಲ. ನೆಲಕ್ಕೆ ಅರ್ಧ ಭಾರವಾದರೂ ಕಮ್ಮಿಯಾಗಲಿ ಅಂತ ಪಡಸಾಲೆಯಲ್ಲಿ ಒಂಟಿಕಾಲಲ್ಲಿ ನಿಂತ. ಕಾಲು ನೋಯುತ್ತಾ ಬಂದ ಹಾಗೆ ಮಣಮಣ ಅನ್ನತೊಡಗಿದ. ಗುರಪ್ಪ ಬೆವರಿದ. ಒಂಟಿಕಾಲು, ಮೇಲೆ ಮಣಮಣ ಬೇರೆ. ಇದು ಮಾಟವಲ್ಲದೆ ಇನ್ನೇನು? ಉಪ್ಪು ಮೆಣಸಿನಕಾಯಿ ನಿವಾಳಿಸಿ ಅಳಿಯನನ್ನು ಹೊರಗಟ್ಟಿದ.

ಈ ಸಲ ಈರಕ್ಕನಿಗೆ ಅಳುವೇ ಬಂತು. ಸೊಸೆ ಬಾರದೆ ಹೋದರೆ, ತಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಗತಿ ಯಾರು?

"ಇನ್ನು ಯಾರನ್ನೂ ಅರ್ಥ ಕೇಳಬ್ಯಾಡ ಕಣೋ. ಟ್ರಬಲ್ ಅಂದ್ರೆ ನೀನೇ!" ಅಂದಳು. ಕೊಟ್ಟದ್ದು ತಿನ್ನು, ಕೂರು ಅಂದಲ್ಲಿ ಕೂರು ಅಂತ ಹೇಳಿ ಕಳಿಸಿದಳು.

ಓಬಳ ಹಾಗೇ ಮಾಡಿದ. ತಿಂದ, ಕುಡಿದ, ಕೂತ. ಗುರಪ್ಪ ಲೋಟ ಮೂಸಿದ, ಮಂಚದಡಿ ಬಗ್ಗಿ ನೋಡಿದ, ಏನೂ ಸಿಗಲಿಲ್ಲ. ಮಾರಕ್ಕನೂ ಹಟ ಹಿಡಿದಳು. ಪೆದ್ದನಾದರೇನು, ಒಂದು ದಿನವೂ ಕೈ ಎತ್ತಿದವನಲ್ಲ, ಸುಳ್ಳು ಹೇಳಿದವನಲ್ಲ, ನಾನು ಹೋಗುವವಳೇ ಅಂದಳು. ಮಡಿಲಕ್ಕಿ ಕಟ್ಟಿದರು, ಪೆಟ್ಟಿಗೆ ಹೊರಗೆ ಬಂತು. ಹೊಸಿಲಲ್ಲಿ ಗುರಪ್ಪ ಕೊನೆಯ ತಕರಾರು ತೆಗೆದ.

"ಅಳಿಯಂದಿರೇ, ನಿಜ ಹೇಳಿ. ನನ್ನ ಮಗಳಿಗೆ ಟ್ರಬಲ್ ಕೊಡಲ್ಲ ತಾನೆ?"

ಓಬಳ ಯೋಚಿಸಿದ. ಟ್ರಬಲ್ ಅಂದರೆ ತಾನು. ಹೆಂಡತಿಯ ಮುಖ ನೋಡಿದ, ಕಣ್ಣು ತುಂಬಿ ಬಂತು. ಅವಳ ಮೇಲೆ ಅವನಿಗೆ ಪ್ರೀತಿ ಇತ್ತು, ಅಂಥವಳಿಗೆ ಟ್ರಬಲ್ ಕೊಡುವುದು ಹೇಗೆ?

"ದೇವರಾಣೆಗೂ ಕೊಡಲ್ಲ ಮಾವ," ಅಂದ. ಪೆಟ್ಟಿಗೆಯನ್ನು ಎತ್ತಿ ವಾಪಸ್ ಒಳಗಿಟ್ಟು, ಒಬ್ಬನೇ ಊರಿಗೆ ಹೊರಟುಬಿಟ್ಟ.